ಮಾವನ ಬೆರಳಿನ ಹದ

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ, ಏಳನೇ ಕ್ಲಾಸಿಗೆ. ಅದಕ್ಕೇನೂ ನಾಚಿಕೆಯಿಲ್ಲ, ದುಡಿದು ತಿಂದಿದ್ದೇನೆ. ನಾಚಿಕೆ ತಂದದ್ದು ಒಂದೇ: ನನ್ನ ಸೋದರಮಾವನ ತೋರುಬೆರಳು!

ರಾಮನಗರದಲ್ಲಿ ಅರ್ಕಾವತಿ ದಂಡೆಯ ರೇಷ್ಮೆ ಮಿಲ್ಲಿನಲ್ಲಿ ಮಾವ ನೂಲು ಬಿಚ್ಚುತ್ತಿದ್ದ. ಕುದಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತವೆ. ಬರಿಗೈ ಅದ್ದಿ ಎಳೆ ಹುಡುಕಬೇಕು. ಅದ್ದಿ ಅದ್ದಿ ಆ ಬೆರಳಿಗೆ ಬಿಸಿ ಅನ್ನೋದೇ ಮರೆತುಹೋಗಿದೆ. ಆದರೆ ಬಿಸಿ ನೋಡುವ ಚಟ ಹೋಗಬೇಕಲ್ಲ?

ಅಕ್ಕನ ಮದುವೆಯಲ್ಲಿ ಚನ್ನಪಟ್ಟಣದ ಗಂಡಿಗೆ ಎಣ್ಣೆನೀರು. ಹಂಡೆಗೆ ಬೆರಳಿಟ್ಟ ಮಾವ, “ಹದವಾಗೈತೆ, ಉಯ್ರಲಾ” ಅಂದ. ಉಯ್ದರು. ಮದುಮಗ ಒಂದೇ ನೆಗೆತಕ್ಕೆ ಚಪ್ಪರದ ಕಂಬದ ಹತ್ತಿರ!

“ಚನ್ನಪಟ್ಟಣದೋರು ಒಸಿ ನಾಜೂಕು” ಅಂತ ಮಾವನ ಷರಾ ಬೇರೆ. ನಮ್ಮ ಭಾವ ಇವತ್ತಿಗೂ ನಮ್ಮನೆಗೆ ಬಂದರೆ ತಣ್ಣೀರಿನಲ್ಲೇ ಸ್ನಾನ.

ಆಮೇಲೆ ಮಿಲ್ಲು ಮುಚ್ಚಿತು. ಅದೊಂದೇ ಏನು, ಹೊಳೆಯುದ್ದಕ್ಕೂ ಹೊಗೆ ಕೊಳವೆಗಳು ಇಳಿದು ಗಾಜಿನ ಆಫೀಸುಗಳು ಎದ್ದವು. ಗೂಡಿನ ನಾತ ಹೋಗಿ ಏಸಿ ಗಾಳಿ ಬಂತು. ಮಾವನ ಮಿಲ್ಲಿದ್ದ ಜಾಗದಲ್ಲಿ ಐದು ಮಹಡಿ. ಅದರ ಕೆಳಗಿನ ಕ್ಯಾಂಟೀನು ಯಾರದ್ದು? ನನ್ನದು!

ಮನೆಯಲ್ಲಿ ಕೂತು ಕೂತು ಸಾಕಾಗಿದ್ದ ಮಾವ ಗಂಟುಬಿದ್ದ. “ನನ್ನೂ ಕರ್ಕೊಂಡೋಗ್ಲಾ. ಆ ಜಾಗದಾಗೆ ಇನ್ನೊಂದು ದಪ ದುಡೀಬೇಕು ಕಣ್ಲಾ.”

“ಟೀಗೆ ಬೆರಳು ಅದ್ದಾಕಿಲ್ಲ ಅಂತ ಆಣೆ ಮಾಡು ಮಾವ.”

“ಚಮಚ ಅದ್ದಬೋದಾ?”

“ಅದ್ದು.”

ಆ ಆಫೀಸಿನ ಬಾಗಿಲು ತೆಗೆಯುವುದು ಹೆಬ್ಬೆಟ್ಟಿನ ಮಿಷಿನ್ನು. ಡಿಗ್ರಿಯವರೂ ಹೆಬ್ಬೆಟ್ಟು ಒತ್ತಬೇಕು, ನಾನೂ ಒತ್ತಬೇಕು. ಎಂಥ ಸಮಾನತೆ! ಮಾವ ಇಸ್ತ್ರಿ ಅಂಗಿ ತೊಟ್ಟು ಬಂದು ಹೆಬ್ಬೆಟ್ಟು ಇಟ್ಟ. ಕೆಂಪು ದೀಪ. ಇನ್ನೊಂದು ಬೆರಳು. ಮತ್ತೆ ಕೆಂಪು. ಹತ್ತೂ ಮುಗಿದವು. ಬೆರಳಿನಲ್ಲಿ ಗೆರೆಗಳೇ ಇಲ್ಲ, ಕುದಿನೀರು ಸವೆಸಿಬಿಟ್ಟಿತ್ತು.

“ಗುರುತು ಸಿಗ್ತಿಲ್ಲ ಯಜಮಾನ್ರೇ, ಒಳಗೆ ಬಿಡಕ್ಕಾಗಲ್ಲ” ಅಂದ ಸೆಕ್ಯೂರಿಟಿಯವನು.

ಮಾವ ಹೊಳೆಯುವ ಟೈಲ್ಸಿನ ಕಡೆ ಕೈ ತೋರಿಸಿದ. “ಅಲ್ಲೇ ಇತ್ತು ಕಣಪ್ಪ ನನ್ ತೊಟ್ಟಿ. ಗೆರೆ ಎಲ್ಲಾ ಅಲ್ಲೇ ಬುಟ್ಟಿವ್ನಿ. ಬೇಕಾದ್ರೆ ಅಗೆದು ನೋಡು.”

ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ.

ಮಾರನೇ ದಿನವೇ ಟೀ ಒಲೆಯನ್ನು ಗೇಟಿನಾಚೆಗೆ ತಂದೆ. ಅಲ್ಲಿ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ. ಡಿಗ್ರಿಯವರೇ ಎದ್ದು ಆಚೆ ಬಂದು ಕುಡಿಯುತ್ತಾರೆ.

ಈಗ ನನಗಿರುವುದು ಇಷ್ಟು: ಒಳಗೆ ಒಂದು ಕ್ಯಾಂಟೀನು, ಹೊರಗೆ ಒಂದು ಒಲೆ, ಅದರ ಮುಂದೆ ಚಮಚ ಹಿಡಿದ ಒಬ್ಬ ಮಾವ.