ಏಳದ ಕಂಪ್ಯೂಟರು, ಬಗ್ಗದ ಭಾವ

ನಮ್ಮ ಭಾವ ರಿಪೇರಿ ಮಾಡಿದ ಯಂತ್ರವೊಂದು ಆಮೇಲೂ ನಡೆಯಿತು ಎಂದು ಸಾಗರದಲ್ಲಿ ಯಾರಾದರೂ ಎದೆ ತಟ್ಟಿ ಹೇಳಿದರೆ, ಒಂದೋ ಅವರು ಭಾವನಿಗೆ ನೆಂಟರು, ಇಲ್ಲವೇ ಸುಳ್ಳು ಹೇಳುವುದೇ ಅವರ ಕಸುಬು! ಗೋಡೆ ಗಡಿಯಾರ, ರೇಡಿಯೋ, ಸೀಮೆಎಣ್ಣೆ ಸ್ಟವ್, ಪಕ್ಕದ ಮನೆಯವರ ಸೈಕಲ್ಲು, ಯಾವುದನ್ನೂ ಅವರು ಸುಮ್ಮನೆ ಬಿಟ್ಟವರಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಒಂದು ಬದುಕಿ ಉಳಿದಿತ್ತು, ಅದೂ ಅಕ್ಕ ಅದರ ಮೇಲೆ ದೇವರ ಫೋಟೋ ಇಟ್ಟಿದ್ದರಿಂದ. ಇಂಥವರಿಗೆ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವ ಯೋಗ! ಹತ್ತು ಬೆರಳೂ ಬಳಸಬೇಕು ಎಂದು ಊರಿನ ಹುಡುಗ ಹುಡುಗಿಯರಿಗೆಲ್ಲ ಪಾಠ ಹೇಳುವ ಭಾವ, ತಾವು ಮಾತ್ರ ಎರಡೇ ಬೆರಳಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟುತ್ತಿದ್ದರು.

ಹಾಗಾದರೆ ಇನ್‌ಸ್ಟಿಟ್ಯೂಟ್ ನಡೆಯುತ್ತಿದ್ದುದು ಹೇಗೆ? ಅಕ್ಕನಿಂದ. ಕೋರ್ಟಿನ ಕಾಗದ, ತಾಲ್ಲೂಕು ಕಚೇರಿಯ ಅರ್ಜಿ ಎಲ್ಲವೂ ಅವಳ ಕೈಯಿಂದಲೇ ಹೊರಡಬೇಕು. ಟೈಪ್ ಮಾಡುತ್ತಲೇ ಅವಳು ಮಾತಾಡುತ್ತಿದ್ದಳು, ಹಾಡು ಗುನುಗುತ್ತಿದ್ದಳು, ಕಾಗದದಲ್ಲಿ ಮಾತ್ರ ಒಂದು ತಪ್ಪೂ ಇರುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳ ಬೆರಳಿನ ಗಂಟುಗಳು ಊದತೊಡಗಿದವು. ಟೈಪ್‌ರೈಟರಿನ ಕೀಲಿಯನ್ನು ಮುಟ್ಟಿದರೆ ಸಾಲದು, ಕುಟ್ಟಬೇಕು. ಇನ್ನು ಇದನ್ನು ಬಿಟ್ಟುಬಿಡಿ ಎಂದರು ಡಾಕ್ಟರು. ಬಿಟ್ಟಳು. ಆಮೇಲೆ ಅವಳು ಅಡುಗೆಮನೆಯಿಂದ ಹೊರಗೆ ಬರುವುದೇ ಅಪರೂಪವಾಯಿತು. ನಾನು ಆಗ ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಅವಳನ್ನು ನೋಡಲು ಹೋದರೆ, ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಹಾಡಿಲ್ಲ, ಮಾತಿಲ್ಲ.

ಇದಕ್ಕೆ ಭಾವ ಏನು ಮಾಡಿದರು? ಕಂಪ್ಯೂಟರ್ ತಂದರು!

ಮಸ್ಕತ್ತಿನಿಂದ ವಾಪಸು ಬಂದ ಯಾರೋ ಶಿವಮೊಗ್ಗದಲ್ಲಿ ಮಾರುತ್ತಿದ್ದರಂತೆ. ಇದರ ಕೀಲಿ ಬಲು ಹಗುರ, ಇನ್ನು ನಿನ್ನ ಅಕ್ಕ ಮೊದಲಿನ ಹಾಗೇ ಟೈಪ್ ಮಾಡಬಹುದು ಎಂದು ಜಂಭದಿಂದ ಸಾರಿದರು. ನೋಡಿದರೆ ಕೀಲಿಮಣೆಯೇ ಇಡೀ ಕಂಪ್ಯೂಟರು. ಅದನ್ನು ಟೀವಿಗೆ ಸಿಕ್ಕಿಸಬೇಕು, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಬೇಕು, ಕ್ಯಾಸೆಟ್ಟು ಕೀಚ್ ಎಂದು ಕಿರುಚಿಕೊಂಡು ಟೈಪಿಂಗ್ ಪ್ರೋಗ್ರಾಮನ್ನು ಒಳಗಿಳಿಸಬೇಕು. ಆಮೇಲೆ ಒತ್ತಿದ ಅಕ್ಷರ ಟೀವಿಯ ಮೇಲೆ ಮೂಡುತ್ತದೆ. ಕಾಗದದ ಮೇಲೆ ಯಾವಾಗ ಮೂಡುತ್ತದೆ ಎಂದು ಕೇಳಿದೆ. ಅದಕ್ಕೆ ಬೇರೆ ಯಂತ್ರ ಬೇಕು, ಮುಂದೆ ನೋಡುವ ಎಂದರು. ಅಂದರೆ ಅರ್ಜಿ ಬರೆಸಿದವರು ತಹಸೀಲ್ದಾರರನ್ನೇ ಕರೆತಂದು ನಮ್ಮ ಭಾವನ ಟೀವಿಯ ಮುಂದೆ ಕೂರಿಸಬೇಕು!

ಅಷ್ಟಾದರೂ ನಡೆಯಿತೇ? ಅಕ್ಕ ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಪರದೆ ಗರಬಡಿದಂತೆ ನಿಂತಿತು. ಆರಿಸಿ ಮತ್ತೆ ಹಾಕಿದರೆ ಏಳಲೇ ಇಲ್ಲ. ಅಕ್ಕ ಎದ್ದು ಒಳಗೆ ಹೋದಳು.

ಭಾವನ ಮೊದಲ ಅನುಮಾನ ವೋಲ್ಟೇಜಿನ ಮೇಲೆ. ಶರಾವತಿ ನಾಡಿಗೆಲ್ಲ ಕರೆಂಟು ಹಂಚಿ, ಮಗ್ಗುಲಲ್ಲೇ ಇರುವ ಸಾಗರಕ್ಕೆ ಉಳಿಸುತ್ತಿದ್ದುದು ಮಿಣಿಮಿಣಿ ದೀಪ. ಹಾಗಾಗಿ ಅನುಮಾನ ತಪ್ಪೆನ್ನಲಾರೆ. ಆದರೆ ಅವರು ಕಂಡುಹಿಡಿದ ಪರಿಹಾರವನ್ನು ಕೇಳಿ. ಕ್ಯಾಸೆಟ್ ತಿರುಗುವ ಹೊತ್ತಿನಲ್ಲಿ ಕೇರಿಯಲ್ಲಿ ಯಾರೂ ಮಿಕ್ಸಿ, ಗ್ರೈಂಡರು ಹಾಕಬಾರದೆಂದು ಮನೆಮನೆಗೆ ಹೋಗಿ ಅಪ್ಪಣೆ ಹೊರಡಿಸಿದರು! ಭಾವನೋ ದಿನವಿಡೀ ಕ್ಯಾಸೆಟ್ ತಿರುಗಿಸುವವರು. ಆ ವಾರ ಕಂಪ್ಯೂಟರಂತೂ ನೆಟ್ಟಗೆ ಏಳಲಿಲ್ಲ, ಕೇರಿಯವರು ದೋಸೆಯ ಮುಖವನ್ನೂ ಕಾಣಲಿಲ್ಲ.

ಆಮೇಲೆ ಅನುಮಾನ ಕ್ಯಾಸೆಟ್ಟಿನ ಮೇಲೆ ಬಿತ್ತು. ಅದು ಸವೆದೀತೆಂದು ನಕಲು ಮಾಡಿದರು. ಹೊಸ ಕ್ಯಾಸೆಟ್ ಕೊಳ್ಳಲು ಕೈ ಬರಬೇಕಲ್ಲ? ಯಕ್ಷಗಾನ ತುಂಬಿಕೊಂಡಿದ್ದ ಹಳೆಯ ಕ್ಯಾಸೆಟ್ಟಿನ ಮೇಲೆಯೇ ಮಾಡಿದರು, ಅದೂ ಅರ್ಧಂಬರ್ಧ. ಒಂದು ಸಂಜೆ ಅದರಲ್ಲಿ ಅಳಿಸದೆ ಉಳಿದಿದ್ದ ಭಾಗವತರ ಇಡೀ ಪದವನ್ನು ಕಂಪ್ಯೂಟರಿಗೆ ಕೇಳಿಸಿದರು. ಟೀವಿಯಲ್ಲಿ ಬಣ್ಣಬಣ್ಣದ ಗೆರೆಗಳು ಎದ್ದು ಹೊರಳಾಡಿದವು. ಚಂಡೆಯ ಪೆಟ್ಟಿಗೆ ಸರಿಯಾಗಿ ಕುಣಿಯಿತು ನೋಡು ಎಂದು ಭಾವನಿಗೆ ಅದೇ ಸಂಭ್ರಮ.

ಕಂಪ್ಯೂಟರಿನ ಜೊತೆ ದಪ್ಪನೆಯ ಪುಸ್ತಕವೊಂದು ಬಂದಿತ್ತು. ಓದಿ ಹೇಳುತ್ತೇನೆ ಎಂದರೆ, ಎಲ್ಲ ತಮಗೇ ಗೊತ್ತು ಎನ್ನುವ ಭಾವ ಕೇಳಬೇಕಲ್ಲ!

"ಯಂತ್ರದ ಸ್ವಭಾವ ಯಂಗೆ ಗೊತ್ತಿದ್ದು ಕೂಸೆ. ನೀನು ಪುಸ್ತಕ ಮುಚ್ಚು."

ಮುಚ್ಚಿದೆ. ಆದರೆ ಕಣ್ಣು ಮುಚ್ಚಲಿಲ್ಲ. ಅಕ್ಕನನ್ನು ವಿಚಾರಿಸಿದರೆ, ಅದು ಗುರುವಾರ ಶುಕ್ರವಾರದ ಹೊತ್ತಿಗೆ ತಾನಾಗಿಯೇ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಭಾನುವಾರ ಮಾತ್ರ ಹೆಣದ ಹಾಗೆ ಬಿದ್ದಿರುತ್ತದೆ ಎಂದಳು. ವಾರ ನೋಡಿಕೊಂಡು ಕೆಡುವ ಯಂತ್ರ ಎಲ್ಲಾದರೂ ಉಂಟೇ? ವರದಹಳ್ಳಿಗೆ ಹೋಗಿ ಪ್ರಸಾದ ತಂದು ಅದರ ಮೇಲಿಡುವ ಎಂದರು ಭಾವ. ಶನಿವಾರ ಈ ಮನೆಯಲ್ಲಿ ಏನು ನಡೆಯುತ್ತದೆ ಎಂದು ನೋಡಲು ನಾನು ಇನ್‌ಸ್ಟಿಟ್ಯೂಟಿನ ಬಾಗಿಲಲ್ಲೇ ನಿಂತೆ.

ಟೈಪಿಂಗ್ ಕಲಿತವರಿಗೆಲ್ಲ ಗೊತ್ತು, ಶನಿವಾರ ಯಂತ್ರಗಳ ಅಭ್ಯಂಜನದ ದಿನ. ಬ್ರಷ್ಷಿನಿಂದ ಧೂಳು ತೆಗೆದು, ಸಂದಿಗೊಂದು ತೊಟ್ಟಿನಂತೆ ಮೆಷಿನ್ ಎಣ್ಣೆ ಬಿಡಬೇಕು. ಭಾವ ಟೈಪ್‌ರೈಟರುಗಳಿಗೆ ಎಣ್ಣೆ ಬಿಡುತ್ತ ಸಾಲಿನ ಕೊನೆಗೆ ಬಂದರು. ಅಲ್ಲಿ ಕಂಪ್ಯೂಟರನ್ನೂ ತಂದು ಕೂರಿಸಿದ್ದರು! ಅದಕ್ಕೆ ತೊಟ್ಟಿನ ಲೆಕ್ಕವಿಲ್ಲ, ಧಾರೆ. ಒಂದೊಂದು ಕೀಲಿಯ ಬುಡಕ್ಕೂ ಡಬ್ಬಿಯ ಮೂತಿ ಇಟ್ಟು, ಕೂಸಿಗೆ ಔಷಧಿ ಕುಡಿಸುವ ಹಾಗೆ ನಿಧಾನವಾಗಿ ಸುರಿಯುತ್ತಿದ್ದರು. ತಂದ ವಾರದಿಂದಲೇ ಈ ಉಪಚಾರವಂತೆ!

ನನಗೆ ರೇಗಿಹೋಯಿತು. ಕರೆಂಟಿನ ಸಾಮಾನಿಗೆ ಎಣ್ಣೆ ಹೊಯ್ಯುವ ಬುದ್ಧಿವಂತರನ್ನು ಎಲ್ಲೂ ಕಂಡಿಲ್ಲ ಎಂದೆ. ಅಕ್ಕನಿಗೆ ಇಲ್ಲದ ಆಸೆ ಹುಟ್ಟಿಸಿದ್ದನ್ನೂ ಸೇರಿಸಿ ಬಾಯಿಗೆ ಬಂದದ್ದೆಲ್ಲ ಅಂದೆ. ಭಾವ ತಿರುಗಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಡಬ್ಬಿ ಕೆಳಗಿಟ್ಟು ಪಂಚೆಗೆ ಕೈ ಒರೆಸಿಕೊಂಡರು.

"ಕೀಲಿ ಇನ್ನೂ ಚೂರು ಗಟ್ಟಿ ಇದ್ದು ಕೂಸೆ. ನಿನ್ನ ಅಕ್ಕನ ಬೆರಳಿಗೆ ಅಷ್ಟೂ ಒತ್ತಲೆ ಆಗ್ತಿಲ್ಲೆ. ಮೆತ್ತಗಾಗ್ಲಿ ಅಂತ ಹಾಕಿದ್ದು."

ಆದರೆ ಎಷ್ಟು ಪ್ರೀತಿಯಿಂದ ಸುರಿದರೂ ಎಣ್ಣೆ ಎಣ್ಣೆಯೇ ತಾನೆ? ಶನಿವಾರ ಸುರಿದದ್ದು ಇಳಿದುಹೋಗಲು ಗುರುವಾರವಾಗಬೇಕು. ಕೀಲಿಮಣೆ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಹಾಳೆಗಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಒಣಗಲು ಇಟ್ಟೆ. ಭಾವನನ್ನು ಹತ್ತಿರ ಸುಳಿಯಲು ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಕ್ಯಾಸೆಟ್ಟು ಕಿರುಚಿ ಮುಗಿಸಿತು. ಪರದೆ ಎದ್ದಿತು, ಎದ್ದದ್ದು ಮತ್ತೆ ಮಲಗಲಿಲ್ಲ. ಅಕ್ಕನನ್ನು ಅಡುಗೆಮನೆಯಿಂದ ಕರೆತಂದು ಕೂರಿಸಿದೆವು. ಅವಳು ಅನುಮಾನಿಸುತ್ತಲೇ ಹತ್ತೂ ಬೆರಳನ್ನು ಕೀಲಿಗಳ ಮೇಲಿಟ್ಟಳು. ಅಭ್ಯಾಸಬಲ, ಇಂಗ್ಲಿಷಿನಲ್ಲಿ ರೆಸ್ಪೆಕ್ಟೆಡ್ ಸರ್ ಎಂದು ಶುರುವಾಗಿ ಪೂರಾ ಒಂದು ಸಾಲು ಟೀವಿಯಲ್ಲಿ ಮೂಡಿತು. ಒಂದೂ ತಪ್ಪಿರಲಿಲ್ಲ. ತಮ್ಮನ್ನೇ ಹಾಗೆ ಕರೆದಳು ಎಂಬಂತೆ ಭಾವ ಬೀಗಿದರು.

ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಯಿತು. ಕೇರಿಯಲ್ಲಿ ಟೀವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಎಂದಿನಂತೆ ನೋಡಲು ಬಂದವರನ್ನೆಲ್ಲ ಭಾವ ಬಾಗಿಲಲ್ಲೇ ತಡೆದರು. ಟೀವಿಯನ್ನು ಧಾರಾವಾಹಿಗೆ ತಿರುಗಿಸಿದರೆ ಅಕ್ಕನ ಸಾಲು ಹೋಗಿಬಿಡುತ್ತದಂತೆ! ಹೋಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹೆಂಗಸರು ಬಯ್ದುಕೊಳ್ಳುತ್ತ ಹೊರಟುಹೋದರು. ಭಾವ ಬಂದು ಟೀವಿಯ ಮುಂದೆ ಕೂತು ಆ ಒಂದು ಸಾಲನ್ನೇ ನೋಡತೊಡಗಿದರು.

ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಸಾಲೂ ಹೋಯಿತು. ಇನ್ನು ಇವರ ಕೂಗಾಟ ಕೇಳಬೇಕಲ್ಲ ಎಂದು ನಾನು ಎದ್ದೆ. ಭಾವ ಟೀವಿಯ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನ ಎರಡೂ ಕೈಗಳನ್ನು ತಮ್ಮ ಕೈಗೆ ತೆಗೆದುಕೊಂಡು, ಊದಿದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆ ಮನುಷ್ಯನ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ ಉಕ್ಕಿ ಬಂತು.

"ನೋವು ಇದ್ದಾ?"

"ಇಲ್ಲೆ," ಅಂದಳು ಅಕ್ಕ.