ಅರ್ಥವನ್ನು ಅರ್ಧ ಮಾಡಿದ ಕಣ್ಣಳತೆ ಯಂತ್ರಕ್ಕೆ

ಕನ್ನಡಕದ ಅಂಗಡಿಯ ಮೂಲೆಯಲ್ಲಿ ಬಿಳಿ ಹೊದಿಕೆ ಹೊದ್ದು ವಿರಾಜಮಾನರಾಗಿರುವ ಸ್ವಯಂಚಾಲಿತ ಕಣ್ಣಳತೆ ಯಂತ್ರ ಮಹಾಶಯರಿಗೆ,

ಮಾನ್ಯರೇ,

ತಮ್ಮ ಗಾಜಿಗೆ ಧೂಳು ಕೂರದಿರಲಿ, ತಮ್ಮ ವಿದ್ಯುತ್ತಿಗೆ ತಡೆ ಬಾರದಿರಲಿ ಎಂದು ಹಾರೈಸುತ್ತ, ಒಂದು ಸಣ್ಣ ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕರಡು ತಿದ್ದಿಕೊಂಡಿರುವ ನಾನು ಈ ಅಹವಾಲನ್ನು ತಮ್ಮ ಗದ್ದದ ಪಟ್ಟಿಯ ಮೇಲೆ ವಿನಯದಿಂದ ಇಡುತ್ತಿದ್ದೇನೆ.

ತಾವು ನನ್ನನ್ನು ಮರೆತಿರಬಹುದು, ತಪ್ಪಿಲ್ಲ. ನಮ್ಮ ಮೊದಲ ಭೇಟಿ ನಡೆದದ್ದೇ ಆರು ಸೆಕೆಂಡು. ಗದ್ದ ಊರಿ, ಹಣೆ ಒತ್ತಿ, ಉಸಿರು ಬಿಗಿಹಿಡಿದು ನಾನು ಇಣುಕಿದಾಗ ಒಂದು ಉದ್ದನೆಯ ರಸ್ತೆಯ ತುದಿಯಲ್ಲಿ ಬಣ್ಣದ ಬಲೂನು ಕಂಡಿತು. ಅದರಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ತಾವು ಗುಂಯ್ ಎಂದು ಚೀಟಿ ಉಗುಳಿಯೇ ಬಿಟ್ಟಿರಿ. ಅಂಗಡಿಯ ಹುಡುಗಿ ಅದನ್ನು ತೀರ್ಪಿನಂತೆ ಹರಿದುಕೊಂಡಳು. ಒಂದು ವಾರದ ಬಳಿಕ ಹೊಸ ಕನ್ನಡಕ ಹಾಕಿಕೊಂಡು, ಮೆಟ್ಟಿಲು ಮೇಲೆದ್ದು ಬರುತ್ತಿದೆ, ತಲೆ ಸಿಡಿಯುತ್ತಿದೆ ಎಂದರೆ, ಅವಳು ನನ್ನ ಗದ್ದವನ್ನು ಮತ್ತೆ ಊರಿಸಿ, ತಮ್ಮನ್ನು ಇನ್ನೊಮ್ಮೆ ಕೇಳಿ, ಅದೇ ಅಂಕಿ ತೋರಿಸಿ, "ಮಿಷನ್ ಎರಡ್ ಸಲ ಹೇಳಿದೆ ಆಂಟಿ, ನಿಮಗೇ ಅಭ್ಯಾಸ ಆಗ್ಬೇಕು" ಎಂದಳು. ನನ್ನ ತಲೆನೋವಿಗಿಂತ ತಮ್ಮ ಚೀಟಿಗೆ ಹೆಚ್ಚು ಮರ್ಯಾದೆ ಎಂಬುದು ನನಗೆ ಆಗ ಮನದಟ್ಟಾಯಿತು.

ಹೀಗೆ ನಾನು ಅಭ್ಯಾಸ ಮಾಡಿಕೊಳ್ಳುತ್ತಿದ್ದ ದಿನಗಳಲ್ಲೇ ಪಕ್ಕದ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ 'ದೊಡ್ಡ ಟೀಚರ್', ನಿವೃತ್ತರಾಗುವ ಸಮಾರಂಭಕ್ಕೆಂದು ಒಂದು ಅಭಿನಂದನಾ ಪುಸ್ತಕ ನಮ್ಮಲ್ಲಿಗೆ ಅಚ್ಚಿಗೆ ಬಂತು. ತಮಗೆ ಅಕ್ಷರಜ್ಞಾನ ಇಲ್ಲದಿರುವುದರಿಂದ ತಿಳಿಸುತ್ತೇನೆ: ಥಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿರುತ್ತದೆ, ಧಕಾರದ ಹೊಟ್ಟೆ ಖಾಲಿ. ತಮ್ಮ ಕೃಪೆಯಿಂದ ಎರಡೂ ನನಗೆ ಅವಳಿಜವಳಿಯಾಗಿ ಕಂಡವು. ಮುನ್ನೂರು ಪ್ರತಿಗಳ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, 'ಸಾವಿರಾರು ಮಕ್ಕಳನ್ನು ಅರ್ಧ ಮಾಡಿಕೊಂಡ ಮಹಾತಾಯಿ' ಎಂದು ಅಚ್ಚಾಯಿತು.

ಮಾಲೀಕರು ಕೆಂಡವಾದರು. "ಇನ್ಮೇಲೆ ಕರಡು ಕಂಪ್ಯೂಟರೇ ನೋಡ್ಕೊಳ್ಳುತ್ತೆ, ನೀವು ಪಾರ್ಸೆಲ್ ಕಟ್ಟಿ" ಎಂದು ನನ್ನ ಕೆಂಪು ಪೆನ್ನು ಎತ್ತಿಟ್ಟುಕೊಂಡರು. ಕಂಪ್ಯೂಟರಿಗೆ 'ಅರ್ಧ'ವೂ ಶುದ್ಧ ಪದವೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹತ್ತೊಂಬತ್ತು ವರ್ಷ ಪರರ ತಪ್ಪು ಹುಡುಕಿ ಬದುಕಿದವಳು ಅಂದು ಹಗ್ಗದ ಉಂಡೆ ಹಿಡಿದು ಗೋದಾಮಿನಲ್ಲಿ ಅತ್ತೆ, ಮಾನ್ಯರೇ. ಆ ಕಣ್ಣೀರನ್ನು ಅಳೆಯುವ ಗುಂಡಿ ತಮ್ಮಲ್ಲಿದೆಯೇ?

ಮರುದಿನ ಒಬ್ಬ ಹಿರಿಯ ಕಣ್ಣಿನ ಡಾಕ್ಟರಮ್ಮನ ಬಳಿ ಹೋದೆ. ಅವರ ಬಳಿ ಮಸೂರಗಳು ತುಂಬಿದ ಮರದ ಪೆಟ್ಟಿಗೆ, ಗೋಡೆಗೊಂದು ಅಕ್ಷರಪಟ್ಟಿ, ಮತ್ತು ತಾವು ಕೇಳಿಯೂ ಇರದ ಒಂದು ಅಪರೂಪದ ಸಲಕರಣೆ: "ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ?" ಎಂಬ ಪ್ರಶ್ನೆ. ನ್ಯಾಯವಾಗಿ ಹೇಳಬೇಕೆಂದರೆ ನಾನೂ ಸಾಚಾ ಸಾಕ್ಷಿಯಲ್ಲ. ಕಾಣದ ಸಾಲನ್ನು ಊಹಿಸಿ ಓದಿದೆ, ಅವರಿಗೆ ಬೇಜಾರಾದೀತೆಂದು ಎರಡೂ ಚೆನ್ನಾಗಿದೆ ಎಂದೆ, ಪಟ್ಟಿಯ ಐದನೆಯ ಸಾಲು ಓರೆಯಾಗಿ ಅಚ್ಚಾಗಿದೆ ಎಂದು ತಗಾದೆ ತೆಗೆದೆ. ಅವರು ಬೇಸರಿಸದೆ, ಅದೇ ಮಸೂರವನ್ನು ಬೇರೆಯದೆಂಬಂತೆ ಮತ್ತೆ ತೋರಿಸಿ ನನ್ನ ಸುಳ್ಳನ್ನೂ ಹಿಡಿದರು. ಕೊನೆಗೆ, "ಮಿಷನ್ ಹತ್ತಿರ ಹತ್ತಿರ ಬಂದಿದೆಯಮ್ಮ, ಶುರು ಮಾಡೋಕೆ ಒಳ್ಳೇದೇ. ಆದ್ರೆ ಇಣುಕುವಾಗ ನೀವು ಕಣ್ಣು ಬಿಗಿ ಹಿಡಿದಿದ್ರಿ. ಅದು ಆ ಬಿಗೀನೂ ಸೇರಿಸಿ ಅಳೆದಿದೆ. ಮುಗಿಸೋದು ನಿಮ್ಮನ್ನ ಕೇಳೇ ಮುಗಿಸ್ಬೇಕು" ಎಂದು ಒಂದಿಷ್ಟು ನಂಬರ್ ಇಳಿಸಿದರು. ಮಸೂರ ಸಿಕ್ಕಿಸಿದ ಪರೀಕ್ಷಾ ಚೌಕಟ್ಟು ಮೂಗಿನ ಮೇಲಿದ್ದಂತೆಯೇ ನಾನು ಜೊತೆಗೆ ತಂದಿದ್ದ ಅಭಿನಂದನಾ ಪುಸ್ತಕ ತೆರೆದೆ. ಚುಕ್ಕೆ ಇರಬೇಕಾದ ಜಾಗ ಬಾವಿಯಂತೆ ಬಾಯ್ತೆರೆದು ಕಂಡಿತು.

ಸಮಾರಂಭದ ಹಿಂದಿನ ದಿನ ಹೊಸ ಕನ್ನಡಕ ಹಾಕಿಕೊಂಡು, ಕಪ್ಪು ಶಾಯಿಯ ಪೆನ್ನು ಹಿಡಿದು, ಗೋದಾಮಿನಲ್ಲಿ ಕೂತು ಒಂದೊಂದೇ ಧಕಾರದ ಹೊಟ್ಟೆಗೆ ಚುಕ್ಕೆ ಇಡುತ್ತ ಬಂದೆ. ಸುದ್ದಿ ತಿಳಿದು ದೊಡ್ಡ ಟೀಚರೇ ಬಂದರು. ಬಯ್ಗುಳಕ್ಕೆ ಸಿದ್ಧಳಾಗಿ ಎದ್ದು ನಿಂತೆ. ಅವರು ಕುರ್ಚಿ ಎಳೆದುಕೊಂಡು, ನಾನು ಚುಕ್ಕೆ ಇಟ್ಟ ಪ್ರತಿಗಳ ಶಾಯಿ ಆರಿಸಲು ಊದುತ್ತ ಕೂತರು. ಇನ್ನೂರ ತೊಂಬತ್ತೊಂಬತ್ತು ಮುಗಿದಾಗ ಕೊನೆಯ ಪ್ರತಿಗೆ ಕೈ ಅಡ್ಡ ಹಿಡಿದು, "ಇದೊಂದು ಹಾಗೇ ಇರ್ಲಿ ಕಣಮ್ಮ, ನನಗೆ. ಅಷ್ಟು ವರ್ಷ ಪಾಠ ಮಾಡಿದ್ರೂ ಮಕ್ಕಳು ನನಗೆ ಅರ್ಧಾನೇ ಅರ್ಥ ಆಗಿರೋದು" ಎಂದರು. ಹೋಗುವಾಗ ಮಾಲೀಕರ ಮೇಜಿನಿಂದ ಕೆಂಪು ಪೆನ್ನು ತಾವೇ ಎತ್ತಿ ತಂದು ನನ್ನ ಕೈಗಿತ್ತರು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಚೀಟಿ ಉಗುಳುವ ಮುನ್ನ ಒಮ್ಮೆ "ಹೇಗಿದೆ?" ಎಂದು ಕೇಳುವುದನ್ನು ಕಲಿಯಿರಿ, ಉತ್ತರ ಸುಳ್ಳಾದರೂ ಪೂರ್ತಿ ಕೇಳಿಸಿಕೊಳ್ಳಿ, ಸಾಧ್ಯವಾದರೆ ತಮ್ಮ ಗದ್ದವನ್ನೂ ಒಮ್ಮೆ ಎಲ್ಲಾದರೂ ಊರಿ ನೋಡಿ.

ತಮ್ಮ ವಿಶ್ವಾಸಿ (ವಿಶ್ವಾಸದ ನಂಬರ್ ಕೇಳಬೇಡಿ),
ಕರಡು ತಿದ್ದುವವಳು

ತಾ.ಕ.: ನಮ್ಮ ಮಾಲೀಕರು ನಾಳೆ ತಮ್ಮಲ್ಲಿಗೇ ಕಣ್ಣು ತೋರಿಸಲು ಬರುತ್ತಿದ್ದಾರೆ. ಯಾರನ್ನೂ ಏನೂ ಕೇಳದೆ ತೀರ್ಪು ಕೊಡುವ ತಮ್ಮ ಪದ್ಧತಿ ಅವರಿಗೆ ಬಹಳ ಹಿಡಿಸಿದೆ. ದಯವಿಟ್ಟು ಚೆನ್ನಾಗಿ ನೋಡಿಕೊಳ್ಳಿ, ಅವರು ತಮ್ಮ ಬಂಧುಗಳು.