ಅಭಿಪ್ರಾಯ ಕೇಳಲು ಹೋಗಿ ತೆಂಗಿನಕಾಯಿ ತಂದದ್ದು

ಸಂತೋಷವಾದರೆ ಕೆಲವರು ಸುಮ್ಮನೆ ನಗುತ್ತಾರೆ, ಕೆಲವರು ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ನನಗೆ ಮಾತ್ರ ಕೈಕಾಲು ಸುಮ್ಮನಿರುವುದಿಲ್ಲ. ಯಾರದಾದರೂ ಕೆಲಸದೊಳಗೆ ಹೋಗಿ ಕೈ ಹಾಕಿಬಿಡುತ್ತೇನೆ. ಮಗ ಹುಟ್ಟಿದ ಹಿಗ್ಗಿಗೆ, ಬಾಣಂತಿಯಾಗಿದ್ದವಳು ಎದ್ದು ಸೂಲಗಿತ್ತಿಗೇ ಕಾಫಿ ಬೆರೆಸಿಕೊಟ್ಟವಳು ನಾನು. ಆ ಮಗ ಬ್ಯಾಂಕಿನ ವರ್ಗಾವಣೆಯಲ್ಲಿ ವಡೋದರಾಕ್ಕೆ ಬಂದ, ಮಂಜಲ್‌ಪುರದಲ್ಲಿ ಮನೆ ಮಾಡಿದ, ಹಿಂದೆಯೇ ನಾನೂ ನಮ್ಮ ಯಜಮಾನರೂ ಬಂದೆವು. ಚಾಳಿಯೂ ಟ್ರಂಕಿನ ಜೊತೆಗೇ ಬಂತು.

ಈ ಸಲದ ಹಿಗ್ಗು ಮೊಮ್ಮಗಳು ಅರ್ಚನಾಳದು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಯುಗಾದಿಯವರೆಗೆ. ಅವಳು ದೊಡ್ಡ ದೊಡ್ಡ ಓದು ಓದಿ ಇದೇ ಊರಿನ ಅಲ್ಕಾಪುರಿಯ ಒಂದು ಆಫೀಸಿಗೆ ಸೇರಿದ್ದಾಳೆ. ಅದೇನು ಕೆಲಸವೆಂದು ನಾನು ಮೂರು ಸಲ ಕೇಳಿ, ನಾಲ್ಕನೇ ಸಲ ಅರ್ಥ ಮಾಡಿಕೊಂಡೆ. ಕರೆಂಟಿನ ದೊಡ್ಡ ಲೈನು ಎಳೆಯುವ ಮುಂಚೆ ಅದರಿಂದ ಮರಗಿಡಕ್ಕೆ, ಹೊಲಕ್ಕೆ, ಜನಕ್ಕೆ ಏನೇನು ತೊಂದರೆಯಾದೀತು ಎಂದು ನೋಡಿ ವರದಿ ಬರೆಯಬೇಕಂತೆ. ಊರವರನ್ನೆಲ್ಲ ಕೂರಿಸಿ ಅವರ ಅಭಿಪ್ರಾಯವನ್ನೂ ಕೇಳಬೇಕಂತೆ. ನನಗೆ ಆಶ್ಚರ್ಯವೋ ಆಶ್ಚರ್ಯ. ನನ್ನ ಮದುವೆಗೇ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ, ಇವರು ಒಂದು ಕಂಬ ನೆಡುವುದಕ್ಕೆ ಇಡೀ ಊರನ್ನು ಕೇಳುತ್ತಾರಲ್ಲ! "ನಿನ್ನನ್ನ ಕೇಳಿದ್ರೆ ನಾನು ಬಚಾವಾಗ್ತಿದ್ದೆ" ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

ಲೈನು ಕಡಲತೀರದ ಹಜೀರಾ ಕಡೆಯಿಂದ ನಮ್ಮ ವಡೋದರಾ ಕಡೆಗೆ ಬರುವುದು. ದಾರಿಯ ಒಂದು ಊರಿನಲ್ಲಿ ಅರ್ಚನಾ ಒಮ್ಮೆ ಸಭೆ ಮಾಡಿ ಸಪ್ಪೆ ಮುಖ ಹಾಕಿಕೊಂಡು ಬಂದಳು. ಗಂಡಸರು ಬಂದು ಬೀಡಿ ಸೇದಿ ಎಲ್ಲಕ್ಕೂ ಸರಿ ಸರಿ ಎಂದು ಹೋದರಂತೆ, ಹೆಂಗಸರು ಒಬ್ಬರೂ ಹೊಸ್ತಿಲು ದಾಟಲಿಲ್ಲವಂತೆ. ಅವಳ ಸಾಹೇಬರು, "ಹೆಂಗಸರ ಮಾತಿಲ್ಲದಿದ್ದರೆ ವರದಿ ವಾಪಸ್ ಬರುತ್ತೆ. ಇನ್ನೊಂದು ಸಲ ನೋಡು, ಆಗದಿದ್ದರೆ ಬೇರೆಯವರಿಗೆ ಕೊಡ್ತೀನಿ" ಎಂದುಬಿಟ್ಟಿದ್ದರು. ಮಗು ಊಟ ಬಿಟ್ಟು ಕೂತಿತು. ಮಗು ಎಂದರೆ ಇಪ್ಪತ್ತಮೂರು ವರ್ಷ, ಇರಲಿ.

ಎರಡನೇ ಸಭೆಯ ದಿನ ನಾನು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಮೊದಲೇ ಜೀಪಿನಲ್ಲಿ ಕೂತಿದ್ದೆ. ಅರ್ಚನಾಳ ಕನ್ನಡ ಸಿಟ್ಟು ಬಂದಾಗ ಮೂರು ಭಾಷೆಗೆ ಒಡೆಯುತ್ತದೆ. "ಅಜ್ಜಿ, ಪ್ಲೀಸ್! ಅಲ್ಲಿ ನೀನು ಜೀಪ್‌ನಲ್ಲೇ ಬೈಠೋ. ಕುಛ್ ಮಾಡಬಾರದು, ಓಕೆ?" ನಾನು ಓಕೆ ಎಂದೆ. ಆ ಕ್ಷಣದಲ್ಲಿ ನಿಜವಾಗಿಯೇ ಹೇಳಿದ್ದೆ.

ಭರೂಚ್ ದಾಟಿ, ಹತ್ತಿ ಹೊಲಗಳ ನಡುವಿನ ಊರು. ಶಾಲೆಯ ಅಂಗಳದಲ್ಲಿ ಗಂಡಸರು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಬೀದಿಯಲ್ಲಿ ಒಂದೊಂದು ಬಾಗಿಲ ಸಂದಿಯಿಂದಲೂ ಒಂದೊಂದು ಜೊತೆ ಕಣ್ಣು. ಆಫೀಸಿನವರು ಗೋಡೆಗೆ ಒಂದು ಕಾಗದ ಅಂಟಿಸಿದ್ದರು, ಅದೇ ಕರೆಯೋಲೆಯಂತೆ. ಗೋಡೆಗೆ ಅಂಟಿಸಿದರೆ ಯಾವ ಹೆಂಗಸು ಬರುತ್ತಾಳೆ? ನಮ್ಮ ಕಡೆ ಹೆಂಗಸರನ್ನು ಕರೆಯುವುದಕ್ಕೆ ಒಂದು ಕ್ರಮವಿದೆ. ಮನೆಮನೆಗೆ ಹೋಗಬೇಕು, ಹಣೆಗೆ ಕುಂಕುಮ ಇಡಬೇಕು, "ಬನ್ನಿ" ಎನ್ನಬೇಕು. ಕುಂಕುಮದ ಭರಣಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕಾಲು ತಾನಾಗಿ ಇಳಿಯಿತು.

ಇಪ್ಪತ್ತು ಮನೆ ತಿರುಗಿದೆ. ನನಗೆ ಬರುವ ಗುಜರಾತಿ ತರಕಾರಿ ಕೊಳ್ಳುವಷ್ಟು. ಶಾಲೆ ತೋರಿಸಿ, "ಮಾರೀ ಛೋಕ್ರೀ, ಆವೋ" ಎಂದೆ. ನನ್ನ ಹುಡುಗಿ, ಬನ್ನಿ ಎಂದು. ಎಲ್ಲರ ಮುಖವೂ ಅರಳಿತು. ಒಬ್ಬಳಂತೂ ನನ್ನ ಕೈಹಿಡಿದು ಬೆಲ್ಲ ತಿನ್ನಿಸಿದಳು. ಅಭಿಪ್ರಾಯ ಹೇಳುವುದೆಂದರೆ ಇವರಿಗೆ ಎಷ್ಟೊಂದು ಆಸೆ ಎಂದುಕೊಂಡು ಜೀಪಿಗೆ ಬಂದು ಸಾಧುವಾಗಿ ಕೂತೆ.

ಅರ್ಧ ಗಂಟೆಯಲ್ಲಿ ಬೀದಿಯ ತುದಿಯಿಂದ ಹಾಡು ಕೇಳಿಸಿತು. ಹೆಂಗಸರು ಜರಿಸೀರೆಯಲ್ಲಿ, ಕೈಕೈ ಹಿಡಿದು, ಮದುವೆಯ ಹಾಡು ಹೇಳುತ್ತ ಬರುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತೆಂಗಿನಕಾಯಿ! ಮುಂದಿದ್ದ ಮುದುಕಿ ಜೀವಿಬಾ, ಊರಿಗೇ ಹಿರಿಯಳು, ನಕ್ಷೆ ಹಿಡಿದು ನಿಂತಿದ್ದ ಅರ್ಚನಾಳ ಗಲ್ಲ ಹಿಡಿದು ದೃಷ್ಟಿ ತೆಗೆದಳು. ಆಮೇಲೆ ಕುರ್ಚಿಗಳ ಕಡೆ ತಿರುಗಿ ಗದರಿದಳು. ಏನೆಂದು ಅರ್ಚನಾ ಆಮೇಲೆ ಹೇಳಿದಳು: "ಹೆಂಗಸರು ಹಾಡೋ ಕಡೆ ಗಂಡಸರಿಗೇನ್ರೋ ಕೆಲಸ? ಏಳಿ, ಕೆರೆ ಕಡೆ ಹೋಗಿ!" ಊರಿನ ಮುಖಂಡರು ಸಮೇತ ಎಲ್ಲರೂ ಎದ್ದು ಹೋದರು. ಸರಕಾರಿ ಸಭೆಯಾದರೆ ಕೂರುವ ಹಕ್ಕಿದೆ, ಮದುವೆ ಹಾಡಾದರೆ ಎದ್ದು ಹೋಗುವುದೇ ಮರ್ಯಾದೆ ತಾನೆ.

"ವರ ಎಲ್ಲಿ?" ಎಂದಳು ಜೀವಿಬಾ.

ಅರ್ಚನಾ ನನ್ನ ಕಡೆ ನೋಡಿದಳು. ಆ ನೋಟವನ್ನು ಇಲ್ಲಿ ಬರೆಯುವಷ್ಟು ಓದು ನನಗಿಲ್ಲ. ಅಳುವ ದನಿಯಲ್ಲಿ ಅವರಿಗೆ ನಿಜ ಹೇಳಿದಳು: ಮದುವೆ ಇಲ್ಲ, ವರ ಇಲ್ಲ, ಇದು ಕರೆಂಟಿನ ಲೈನಿನ ಸಭೆ, ಇವರು ನಮ್ಮಜ್ಜಿ. ನನ್ನಿಂದ ಮಗುವಿನ ಕೆಲಸ ಹೋಯಿತು ಎಂದುಕೊಂಡು ಜೀಪಿನಿಂದ ಇಳಿದು ಬಂದೆ. ಆಗ ಜೀವಿಬಾ ನಗತೊಡಗಿದಳು ನೋಡಿ, ಬೊಚ್ಚುಬಾಯಿ ತೆರೆದು, ಮುಸುಕು ಜಾರುವಷ್ಟು. ಅವಳಿಂದ ಎಲ್ಲರಿಗೂ ನಗು ಅಂಟಿತು. "ಸೀರೆ ಉಟ್ಟು ಬಂದಾಯ್ತು. ನಿನ್ನ ಲೈನು ಎಲ್ಲಿ ಹೋಗುತ್ತೋ ತೋರಿಸು" ಎಂದಳು.

ನಕ್ಷೆ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅರ್ಚನಾ ಹೇಳಿದ ಹಾಗೆ ನಾನು ಕುಂಕುಮದಲ್ಲೇ ಶಾಲೆಯ ಜಗಲಿಯ ಮೇಲೆ ಗೆರೆ ಎಳೆದೆ. ಅವರು ಕಲ್ಲಿಟ್ಟು ಬಾವಿ ತೋರಿಸಿದರು, ಕಡ್ಡಿ ಇಟ್ಟು ಕಾಲುವೆ ತೋರಿಸಿದರು. ಒಬ್ಬ ಎಳೆಯ ತಾಯಿ ನನ್ನ ಗೆರೆಯ ಮೇಲೆಯೇ ಒಂದು ಬೇವಿನೆಲೆ ಇಟ್ಟು ಕೈ ತೆಗೆಯದೆ ಕೂತಳು. ಅದು ತೊಟ್ಟಿಲ ಮರವಂತೆ. ಹತ್ತಿ ಬಿಡಿಸುವ ಕಾಲದಲ್ಲಿ ಊರಿನ ಅಷ್ಟೂ ಕೂಸುಗಳ ಜೋಲಿ ಅದೇ ಬೇವಿಗೆ. ಲೈನಿನ ಕೆಳಗೆ ಎತ್ತರದ ಮರ ಉಳಿಸುವುದಿಲ್ಲ. "ಕಡಿದರೆ ಮಕ್ಕಳನ್ನ ಬಿಸಿಲಲ್ಲಿ ಮಲಗಿಸೋದಾ? ನಕ್ಷೆ ಮಾಡಿದೋನಿಗೆ ಅಮ್ಮ ಇರಲಿಲ್ವಾ?" ಎಂದಳು. ಆಫೀಸಿನ ನಕ್ಷೆಯಲ್ಲಿ ಅದು 'ಮರ, ಒಂದು' ಎಂದಿತ್ತು. ಅರ್ಚನಾ ಬಗ್ಗಿ ಬಗ್ಗಿ ಬರೆದುಕೊಂಡಳು.

"ಬರೀತೀಯ, ಸರಿ. ಮರ ಉಳಿಯುತ್ತಾ?" ಎಂದಳು ಜೀವಿಬಾ.

"ಗೊತ್ತಿಲ್ಲ ಜೀವಿಬಾ" ಎಂದಳು ನನ್ನ ಮೊಮ್ಮಗಳು. "ಆದರೆ ಈ ಮಾತನ್ನ ವರದಿಯಿಂದ ತೆಗೆಯೋದಕ್ಕೆ ಬಿಡಲ್ಲ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. ಮೂರನೇ ಕ್ಲಾಸಿನ ನಾನು ಅಲ್ಲೇ ಜಗಲಿಯ ಮೇಲೆ ಕೂತು ಉಬ್ಬಿಹೋದೆ. ಕಾಯಿ ವಾಪಸ್ ಕೊಡಹೋದರೆ, "ಶುಭಕ್ಕೆ ಕೊಟ್ಟಿದ್ದು ಹಿಂದಕ್ಕೆ ಬರಬಾರದು" ಎಂದು ಇಪ್ಪತ್ತನ್ನೂ ಜೀಪಿಗೆ ತುಂಬಿದರು. ದಾರಿಯುದ್ದಕ್ಕೂ ಕಾಯಿ ಉರುಳುತ್ತಿದ್ದವು, ಅರ್ಚನಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ನರ್ಮದೆಯ ಸೇತುವೆ ಬಂದಾಗ ಮೆಲ್ಲಗೆ, "ಅಜ್ಜಿ, ರೊಟ್ಟಿ ಹೈ ಕ್ಯಾ?" ಎಂದಳು.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಬಾಗಿಲಿನಿಂದಲೇ ಕೂಗಿಕೊಂಡು ಬಂದಳು. ಲೈನನ್ನು ಬಗ್ಗಿಸಿದ್ದಾರೆ, ಬೇವು ಉಳಿಯಿತು! ನಾನು ಕುಣಿದೆ. ಮಂಡಿನೋವಿನವಳು ಕುಣಿಯುವ ಹಾಗೆ, ಕೈಯಲ್ಲಿ.

ಇನ್ನು ಕಾಯಿಗಳ ವಿಷಯ. ಅವು ಬಂದಾಗಿನಿಂದ ನಮ್ಮ ಮನೆಯಲ್ಲಿ ದಿನಾ ಚಟ್ನಿ, ಹುಳಿಗೆ ಕಾಯಿ, ಪಲ್ಯಕ್ಕೆ ಕಾಯಿ, ಮೇಲೆ ಕೊಬ್ಬರಿ ಮಿಠಾಯಿ. ಹಬ್ಬಹಬ್ಬಕ್ಕೂ ಜೀವಿಬಾ ಹೋಗಿಬರುವವರ ಕೈಯಲ್ಲಿ ಇನ್ನೊಂದು ಚೀಲ ಕಾಯಿ ಕಳಿಸುತ್ತಾಳೆ, ವರ ಸಿಕ್ಕನೇ ಎಂದು ಕೇಳುತ್ತಾಳೆ. ಮೊನ್ನೆ ಯಜಮಾನರು ಪೇಪರು ಮಡಚಿಟ್ಟು, "ಕಂಪನಿಯೋರೇ ಊರವರನ್ನ ಕೇಳಿ ಕೆಲಸ ಮಾಡ್ತಾರೆ. ಈ ಮನೇಲಿ ಬಾಧೆ ಪಡೋರನ್ನ ಒಂದು ಮಾತು ಕೇಳಬಾರದೇನೇ?" ಎಂದರು.

ಮಾತು ನ್ಯಾಯವಾಗಿತ್ತು. ಎಲ್ಲರನ್ನೂ ಕೂರಿಸಿದೆ. ಮಗ ಕಾಯಿ ಬೇಡ ಎಂದ, ಸೊಸೆ ಬೇಡ ಎಂದಳು, ಅರ್ಚನಾ ಪಟ್ಟಿ ಮಾಡಿ ಬರೆದುಕೊಂಡಳು, ಯಜಮಾನರು ಸಹಿಯನ್ನೂ ಹಾಕಿದರು. ಒಂದು ಅಭಿಪ್ರಾಯವನ್ನೂ ಬಿಡದೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದೆ. ಆಮೇಲೆ ಒಳಗೆ ಹೋಗಿ ಕಾಯಿ ಒಡೆದೆ.